ಮೇಣದ ಲೆಕ್ಕ

ಸಂತ ಲೂಚಿಯಾಳ ಹಬ್ಬಕ್ಕೆಂದು ಕೂಡಿಟ್ಟ ಮೇಣದಬತ್ತಿಯ ಹಣ
ನಾನೂರ ಹನ್ನೆರಡು ಯೂರೋ.
ಡಬ್ಬದ ಬೀಗದ ಕೈ ನನ್ನ ಹತ್ತಿರ. ತೆಗೆದವಳು ನಾನೇ.
ಹೆಸರು ಇಂಕೊರೊನಾತಾ, ವಯಸ್ಸು ಅರವತ್ತೊಂಬತ್ತು.
ಬರೆದುಕೊಳ್ಳಿ.
ಫಾದರ್ ರುಜ್ಜೇರೋಗೆ ಗೊತ್ತಿರಲಿಲ್ಲ,
ಅವರನ್ನು ಬಿಷಪ್ಪರ ಮುಂದೆ ನಿಲ್ಲಿಸಬೇಡಿ.

ಸೈಕಲ್ಲಿನ ಮುಂದೀಪ ಮೂವತ್ತೆಂಟು,
ಹಿಂದಿನ ಕೆಂಪು ದೀಪ ಮೂವತ್ತೆಂಟು,
ಕತ್ತಲಲ್ಲಿ ಮಿನುಗುವ ಹಳದಿ ಅಂಗಿ ಇಪ್ಪತ್ತು,
ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚಿರಲಿಲ್ಲ.
ಒಂದಿಷ್ಟು ಬ್ಯಾಟರಿ.
ಹನ್ನೊಂದು ಯೂರೋ ಏನಾಯಿತೋ ನೆನಪಿಲ್ಲ.

ಯಾರಿಗೆ ಕೊಟ್ಟೆ ಎಂದು ಕೇಳುತ್ತೀರಿ.
ನಿಮಗೆ ಗೊತ್ತು.
ಫೋಜಾದ ಈ ಬಯಲಲ್ಲಿ, ಹಳೆಯ ರನ್‌ವೇ ಪಕ್ಕ
ತಗಡು, ರಟ್ಟು, ಪ್ಲಾಸ್ಟಿಕ್ಕು ಹೊದ್ದು ಮಲಗುವ ಊರಿದೆಯಲ್ಲ,
ನಕ್ಷೆಯಲ್ಲಿಲ್ಲದ್ದು,
ನಸುಕಿನ ನಾಲ್ಕಕ್ಕೆ ಅಲ್ಲಿಂದ ಹೊರಟು
ನಮ್ಮ ಆಲಿವ್ ಉದುರಿಸಿ, ನಮ್ಮ ಬ್ರೊಕೋಲಿ ಕೊಯ್ದು
ಕತ್ತಲಾದ ಮೇಲೆ ಮರಳುವವರಿಗೆ.
‘ಕಾಣಲೇ ಇಲ್ಲ’ ಅನ್ನುತ್ತಾರೆ
ಕಾರಿನವರು ಪೊಲೀಸರ ಮುಂದೆ.
ಸುಳ್ಳೇನಲ್ಲ.
ಇಪ್ಪತ್ತು ವರ್ಷದಿಂದ ನಮಗ್ಯಾರಿಗೂ ಕಂಡಿಲ್ಲ.

ಶ್ರೀಮತಿ ಪಾಲ್ಮಿಸಾನೋ, ಕೈ ಇಳಿಸಿ, ತಾಳಿ.
ಅವರು ನಮ್ಮ ಮತದವರಲ್ಲ ಅನ್ನುತ್ತೀರಿ.
ಕೆಲವರು ಹೌದು, ಹಲವರು ಅಲ್ಲ.
ದೀಪ ಕಟ್ಟುವಾಗ ನಾನು ಕೇಳಲಿಲ್ಲ.
ಸ್ಕ್ರೂ ತಿರುಗಿಸುತ್ತ ಬೆರಳು ಚಳಿಗೆ ಮರಗಟ್ಟಿತ್ತು.
ಒಬ್ಬ ಹುಡುಗ ಕೈಗವಸು ಬಿಚ್ಚಿ ಕೊಟ್ಟ.
ಅವನ ಹತ್ತಿರ ಇದ್ದದ್ದೇ ಒಂದು, ಎಡಗೈಯದು.

ದೀಪ ಹಚ್ಚಿ ಕೊಳಗದ ಕೆಳಗೆ ಬಚ್ಚಿಡಬಾರದೆಂದು
ಎಷ್ಟು ಭಾನುವಾರ ಕೇಳಿದ್ದೇನೆ, ಈ ಮೊಣಕಾಲುಗಳನ್ನೇ ಕೇಳಿ.
ಆದರೆ ದೀಪದ ಬುಡಕ್ಕೇ ಕತ್ತಲು ಅನ್ನುವುದು
ಬಲಿಪೀಠ ಒರೆಸುವವಳಿಗೆ ಮಾತ್ರ ತಿಳಿಯುತ್ತದೆ.
ಪ್ರತಿ ಬತ್ತಿಯ ಕೆಳಗೂ ಒಂದು ಕಪ್ಪು ಉಂಗುರ,
ಎಷ್ಟು ತಿಕ್ಕಿದರೂ ಹೋಗದ್ದು.

ಇನ್ನೊಂದಿದೆ.
ಪಾಪನಿವೇದನೆಯ ಗೂಡಿನಲ್ಲೂ ಹೇಳಿಲ್ಲ.

ಸತ್ತವರ ದಿನದ ಹಿಂದಿನ ರಾತ್ರಿ
ಮಾನ್‌ಫ್ರೆದೋನಿಯಾದಿಂದ ಕಾರಿನಲ್ಲಿ ಬರುತ್ತಿದ್ದೆ,
ಹಿಂದಿನ ಸೀಟಿನ ತುಂಬ ಸಮಾಧಿಗಳಿಗೆ ಹಚ್ಚುವ ಬತ್ತಿ.
ಕಾಲುವೆಯ ಅಂಚಿನಲ್ಲಿ ಒಂದು ಸೈಕಲ್ ಚಕ್ರ
ಆಕಾಶಕ್ಕೆ ಮುಖ ಮಾಡಿ ತಿರುಗುತ್ತಿತ್ತು.
ಯಾರೋ ಎಸೆದ ಗುಜರಿ ಅಂದುಕೊಂಡೆ.
ತಿರುಗುತ್ತಿತ್ತು ಅಂದೆನಲ್ಲ.
ಎಸೆದ ಗುಜರಿ ತಿರುಗುತ್ತದೆಯೇ?
ಮನೆಗೆ ಬಂದೆ. ಕಡಲೆ ಸೂಪು ಬಿಸಿ ಮಾಡಿ ಕುಡಿದೆ.

ಅವನ ಕಾಗದದಲ್ಲಿದ್ದ ಹೆಸರು ಅವನದಲ್ಲ,
ಕೂಲಿ ಸಿಗಲೆಂದು ಬಾಡಿಗೆಗೆ ತಂದದ್ದು.
ಆ ಹೆಸರಿನವನು ನೇಪಲ್ಸಿನಲ್ಲಿ ಪಾತ್ರೆ ತೊಳೆಯುತ್ತ
ಗಟ್ಟಿಮುಟ್ಟಾಗಿದ್ದಾನಂತೆ.
ಹಾಗಾಗಿ ಹನ್ನೆರಡು ದಿನ ಹೆಣವನ್ನು ಶೀತದಲ್ಲಿಟ್ಟು
ಸತ್ತದ್ದು ಯಾರೆಂದು ಹುಡುಕಿದರು.
ಎಬ್ರಿಮಾ, ಅಂದರು ಗೆಳೆಯರು. ಗ್ಯಾಂಬಿಯಾದವನು.
ಅವ್ವನಿಗೆ ಫೋನು ಮಾಡಲು ಯಾರಿಗೂ ಬಾಯಿಲ್ಲ.
ಹೂಳುವಾಗ ಫಾದರ್ ಟೋಪಿ ತೆಗೆದು ದೂರ ನಿಂತರು,
ಅವರ ಪ್ರಾರ್ಥನೆ ಅವರ ಭಾಷೆಯಲ್ಲಿ ಮುಗಿಯುವ ತನಕ.
ನಾನು ಗೇಟು ದಾಟಲಿಲ್ಲ.

ಪರದೇಶಿ ಅನ್ನುವುದನ್ನು ಬೈಗುಳ ಮಾಡಿಕೊಂಡಿದ್ದೇವೆ.
ಬೆತ್ಲೆಹೇಮಿನ ಛತ್ರದವನೂ
ತುಂಬು ಬಸುರಿಗೆ ಬಾಗಿಲು ಹಾಕುತ್ತ
ಇದೇ ಮಾತು ಗೊಣಗಿರಬೇಕು.

ಲೂಚಿಯಾ ತನ್ನೆರಡು ಕಣ್ಣನ್ನು ತಟ್ಟೆಯಲ್ಲಿ ಹಿಡಿದು
ಗೂಡಿನಲ್ಲಿ ನಿಂತಿದ್ದಾಳೆ.
ಈ ವರ್ಷ ಅವಳ ಮುಂದೆ ಬೆಳಕಿಲ್ಲ, ಒಪ್ಪಿದೆ.
ನಿನ್ನೆ ಧೂಳು ಒರೆಸಲು ಏಣಿ ಹತ್ತಿದಾಗ
ಬೇಜಾರಾಯಿತೇನೇ ಎಂದು ಕೇಳಿಯೂಬಿಟ್ಟೆ.
ಗಾರೆಯ ಬಾಯಿ. ಹೌದು ಅನ್ನಲಿಲ್ಲ,
ಇಲ್ಲ ಅಂತಲೂ ಅನ್ನಲಿಲ್ಲ.

ಹಣ ತೀರಿಸುತ್ತೇನೆ, ಪಿಂಚಣಿಯಿಂದ, ತಿಂಗಳಿಗೆ ಮೂವತ್ತು.
ಬೀಗದ ಕೈ ಮೇಜಿನ ಮೇಲಿದೆ,
ಬೇರೆ ಯಾರಿಗಾದರೂ ಕೊಡಿ.
ಆದರೆ ಆ ಬ್ಯಾಟರಿಗಳು ಆರು ವಾರಕ್ಕೆ ಮುಗಿಯುತ್ತವೆ.
ಅದನ್ನೂ ಬರೆದುಕೊಳ್ಳಿ.