ಪರಾತದ ನೀರು

ತೊಳೆಸಿಕೊಳ್ಳಲಿಕ್ಕೆ ತೊಳೆದುಕೊಂಡೇ ಹೋದೆ.
ಬಟ್ಟೆಸೋಪು, ಹುಣಸೆಹಣ್ಣು, ಕೊನೆಗೆ ಇಟ್ಟಿಗೆಚೂರು;
ಹನ್ನೊಂದು ವರ್ಷದ ಜೀನ್ಸ್ ಬಣ್ಣ
ಉಗುರಿನ ಸಂದಿಯಿಂದ ಅಲ್ಲಾಡಲಿಲ್ಲ.

ಕೌಲ್‌ಬಜಾರಿನ ಚರ್ಚಿನಲ್ಲಿ ಪವಿತ್ರ ಗುರುವಾರ.
ಬಳ್ಳಾರಿಯ ಸೆಕೆಗೆ ಫ್ಯಾನೂ ಬಿಸಿ ಉಸಿರುತ್ತಿತ್ತು.
ಹನ್ನೆರಡು ಕುರ್ಚಿ, ಈ ಸಲ ನಾಲ್ವರು ಹೆಂಗಸರು.
ನನ್ನ ಪಕ್ಕಕ್ಕೇ ಶೌರಪ್ಪ,
ವಾಷಿಂಗ್ ಯೂನಿಟ್ಟಿನ ಗುತ್ತಿಗೆದಾರ;
ಜ್ವರದ ಒಂಬತ್ತು ದಿನ ನನ್ನ ಪಗಾರದಿಂದ
ದಾರ ಕತ್ತರಿಸಿದಷ್ಟು ಸಲೀಸಾಗಿ ಕತ್ತರಿಸಿದವನು.

ಫಾದರ್ ಇನ್ನಾಸಪ್ಪ ಮಂಡಿಯೂರಿದರು,
ಮಂಡಿ ಚಟ್ ಅಂದಿತು.
"ಬ್ಯಾಡ ಫಾದರ್, ಬಣ್ಣ ಬಿಡ್ತದ."
"ಬಿಡಲಿ ಬಿಡವ್ವ."
ಬಿಟ್ಟೇ ಬಿಟ್ಟಿತು.
ಪರಾತದಲ್ಲಿ ಸಣ್ಣದೊಂದು ಆಕಾಶ,
ಬಿಳಿ ಟವೆಲ್ಲಿಗೂ ಹತ್ತಿತು.

ಅದೇ ಪರಾತ, ಅದೇ ಟವೆಲು
ಪಕ್ಕಕ್ಕೆ ಸರಿದಾಗ ನೋಡಿದೆ:
ಬೂಟು ಕಳಚಿದ ಹಿಮ್ಮಡಿಯಲ್ಲಿ ಬಿರುಕು,
ಬಿರುಕಿನಾಳದಲ್ಲಿ ಹಳೆಯ ನೀಲಿ.
ಇವನೂ ಒಂದು ಕಾಲಕ್ಕೆ ತೊಟ್ಟಿಗಿಳಿದವನು.

ಆ ರಾತ್ರಿ ಸ್ವಾಮಿ ತೊಳೆದದ್ದು ಹನ್ನೆರಡು ಜನರ ಕಾಲು,
ಹನ್ನೊಂದಲ್ಲ.
ಮೂವತ್ತು ಬೆಳ್ಳಿಗೆ ಆಗಲೇ ಒಪ್ಪಿಬಂದವನ
ಬೆರಳ ಸಂದಿಯನ್ನೂ ತಿಕ್ಕಿರಬೇಕು, ನಿಧಾನಕ್ಕೆ.
ಸತ್ತು ಎದ್ದುಬಂದದ್ದನ್ನು ನಂಬುತ್ತೇನೆ;
ಇದು ಮಾತ್ರ ಇವತ್ತಿಗೂ ಗಂಟಲಲ್ಲಿ ನಿಂತಿದೆ.

ಕ್ಷಮಿಸಿದೆನೆ? ಗೊತ್ತಿಲ್ಲ.
ಒಂಬತ್ತು ದಿನದ ಲೆಕ್ಕ ಬಾಯಿಪಾಠ,
ಕೇಳಿಯೇ ಕೇಳುತ್ತೇನೆ.

ಶುಭ ಶುಕ್ರವಾರಕ್ಕೂ ಯೂನಿಟ್ಟಿಗೆ ರಜೆಯಿಲ್ಲ.
ಗೇಟಿನಲ್ಲಿ ಅವನ ನೋಟ ನನ್ನ ಕಾಲಿಗೆ,
ನನ್ನದು ಅವನ ಬೂಟಿಗೆ.
ನಕ್ಕನೋ,
ಬಿಸಿಲಿಗೆ ಕಣ್ಣು ಕಿರಿದು ಮಾಡಿದನೋ.