ಟಗರಿನ ಕುರ್ಚಿ

ಮಿರಜ ದವಾಖಾನೆಯ ಹಿಂದಿನ ಗೇಟು.
ಎಳನೀರು, ಬಾಡಿಗೆ ಚಾಪೆ, ರೋಗಿಗೆ ಬ್ರೆಡ್ಡು ಮಾರುವವರ ಸಾಲಿನಲ್ಲಿ
ನನ್ನದೊಂದು ಮಡಚುವ ಮೇಜು.
ಎಪ್ಪತ್ತೆಂಟರಲ್ಲಿ ಒಂದು ಕಳೆದ ಟ್ಯಾರೋ ಎಲೆಗಳು:
ಏಳನೇ ವಾರ್ಡಿನಲ್ಲಿ ನಾನು ಆಯಾ ಇದ್ದಾಗ
ಯಾರೋ ದಿಂಬಿನ ಕೆಳಗೆ ಬಿಟ್ಟುಹೋದದ್ದು.
ವರ್ಷ ಕಾದೆ. ಕೇಳಿಕೊಂಡು ಯಾರೂ ಬರಲಿಲ್ಲ.
ಅರ್ಥ ಕಲಿತದ್ದು ಬೈಂಡು ಬಿಚ್ಚಿದ ಮರಾಠಿ ಪುಸ್ತಕದಿಂದ.

ಕೆಂಚವ್ವ ಬಂದದ್ದು ಮಧ್ಯಾಹ್ನ,
ಉಮದಿ ಕಡೆಯ ಬಸ್ಸಿನ ಧೂಳು ಇನ್ನೂ ಹುಬ್ಬಿನ ಮೇಲೆ.
ಗಂಡ ಒಳಗೆ, ಎರಡನೇ ಮಹಡಿ, ಮೂಗಿನಲ್ಲಿ ನಳಿಗೆ.
ಮೈದುನ ಅಮೋಗಿ ಫೋನು ಮಾಡಿದ್ದನಂತೆ:
ಅಣ್ಣನ ಬಡಿಗಿ ನನಗ ಕೊಡು,
ಇನ್ನೂರು ಕುರಿಗೆ ಒಬ್ಬ ಗಂಡಸು ಬೇಕು.
"ಕೊಡ್ಲೋ ಬ್ಯಾಡೋ, ನಿನ್ನ ಎಲಿ ಕೇಳಿ ಹೇಳವಾ."

ಎಡಗೈಯಿಂದ ಎಳೆದಳು.
ನಾಲ್ಕು. ಸಮ್ರಾಟ.

ಬಾಯಿಪಾಠ ಒಪ್ಪಿಸಿದೆ:
ಇದು ಅಧಿಕಾರದ ಎಲೆ. ತಂದೆ, ಕಾನೂನು, ಕಟ್ಟಳೆ.
ನಾಲ್ಕು ಅಂದರೆ ನಾಲ್ಕು ದಿಕ್ಕು, ನಾಲ್ಕು ಗೋಡೆ.
ಬಲಗೈಯ ಕೋಲು ಜೀವದ್ದು, ಎಡಗೈಯ ಗುಂಡು ಭೂಮಂಡಲ.
ಮನೆಗೊಬ್ಬ ದೊಡ್ಡವ ಬೇಕೇ ಬೇಕು ಅಂತ...
ಅಷ್ಟರಲ್ಲಿ ಎಲೆ ಅವಳ ಕಣ್ಣಿಗೆ ತಾಗುವಷ್ಟು ಹತ್ತಿರ.

"ಇವ್ಯಾಕ ಇಲ್ಲಿ?"
ಯಾವುವು?
"ಟಗರಿನ ತಲಿ. ಮ್ಯಾಲ ಎರಡು. ಕೈಯಿಡೂ ಕಡೆ ಮತ್ತೆರಡು."
ಮೇಷ ರಾಶಿ ಅದು, ಬಲದ ಗುರುತು, ಅಂದೆ.
"ಬಲ ಇದ್ದದ್ದು ಟಗರಿಗಿ.
ತಲಿ ಕಡದು ಕುರ್ಚಿಗಿ ಹಚಗೊಂಡಾವಗ ಎಲ್ಲಿಂದ ಬಂತು?"

ಪಕ್ಕದ ಎಳನೀರಿನವನು ಮಚ್ಚು ಎತ್ತಿದವನು ಹಾಗೇ ನಿಂತ.

"ಕೆಂಪ ನಿಲುವಂಗಿ ಕೆಳಗ ನೋಡು, ಕಬ್ಬಿಣದ ಕಾಲು.
ತನ್ನ ಮನ್ಯಾಗ ಕುಂತಾವ ಕಬ್ಬಿಣ ಯಾಕ ಹಾಕ್ಕೋತಾನ?
ರಾತ್ರಿ ನಿದ್ದಿಲ್ಲ ಇವಗ.
ಗಡ್ಡ ಬೆಳ್ಳಗಾಗೇತಿ. ಹಿಂದ ಗುಡ್ಡ ಬೋಳು,
ಒಂದು ಹುಲ್ಲಿನ ಎಸಳಿಲ್ಲ. ಮರಿ ಏನ್ ತಿಂತಾವ?"

ಆಮೇಲೆ ಉಗುರಿಟ್ಟು ತೋರಿಸಿದಳು,
ಸಿಂಹಾಸನದ ಬೆನ್ನಿಗೆ, ಗುಡ್ಡದ ಬುಡಕ್ಕೆ,
ಹನ್ನೊಂದು ವರ್ಷ ನಾನು ಬರೇ ಗೆರೆ ಅಂದುಕೊಂಡದ್ದನ್ನು.
"ಹಳ್ಳ ಹರದೈತಿ. ಬೆನ್ನು ಮಾಡಿ ಕುಂತಾನ.
ನೀರು ಎಲ್ಲೈತಿ ಗೊತ್ತಿಲ್ಲ, ಕೈಯಾಗ ಕೋಲು ಬಂಗಾರದ್ದು!
ಕೋಲು ಹೊಡಿಯಾಕ ಅಲ್ಲವಾ.
ಜಾಲಿ ಟೊಂಗಿ ಬಗ್ಗಸಾಕ.
ಕತ್ತಲದಾಗ ಬೆನ್ನು ಮುಟ್ಟಿ ಎಣಸಾಕ."

ಅಮೋಗಿಗೆ ಎಣಿಕೆ ಬರುವುದಿಲ್ಲವೇ?
"ಬರತೈತಿ, ಮೊಬೈಲಿನಾಗ.
ಕುಂಟೂದು ಯಾವುದು ಕೇಳು, ಹೇಳಾಂಗಿಲ್ಲ."

ಹೋದ ಅಮಾವಾಸ್ಯೆ, ಜತ್ತದ ರಸ್ತೆ.
ಲಾರಿಯ ದೀಪಕ್ಕೆ ಗಂಡ ಬಿದ್ದ, ಕುರಿ ಚೆದುರಿದವು.
ಅಮೋಗಿ ಗಂಟಲು ಹರಿಯುವಷ್ಟು ಕೂಗಿದನಂತೆ.
ಇವಳು ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು, ಕೂತಲ್ಲಿಂದಲೇ,
"ಹಿಂಗ ಅಂದೆ" ಅಂದಳು.
ನಾಲಿಗೆ ಅಂಗುಳಕ್ಕೆ ಹಚ್ಚಿ ಸಣ್ಣದೊಂದು ಸದ್ದು,
ಹಂಚಿನ ಮೇಲೆ ನೀರ ಹನಿ ಬಿದ್ದ ಹಾಗೆ.
ಗೇಟಿನ ವಾಚಮನ್ ತಿರುಗಿ ನೋಡಿದ.
ನಾನೂ ಎದ್ದು ನಿಂತಿದ್ದೆ, ಯಾಕೋ ಗೊತ್ತಿಲ್ಲ.
"ಅಷ್ಟೂ ಬಂದ್ವು. ಒಂದು ಕಮ್ಮಿ ಇಲ್ಲ."

ಐದಕ್ಕೆ ಭೇಟಿಯ ಗಂಟೆ. ಕುಪ್ಪಸದಿಂದ ಐವತ್ತು ತೆಗೆದಿಟ್ಟಳು,
ಉಣ್ಣೆಯ ವಾಸನೆಯ ನೋಟು.
"ಈ ಎಲಿ ಕೊಡು, ಅವರಿಗಿ ತೋರಿಸಿ ತರತೀನಿ.
ನಗಲಿ ಸ್ವಲ್ಪ. ನಕ್ಕು ಭಾಳ ದಿನ ಆತು."

ಈಗ ನನ್ನ ಬಳಿ ಎಪ್ಪತ್ತಾರು.
ಮೊನ್ನೆ ಒಬ್ಬ ಫೌಜದಾರ ಬಂದಿದ್ದ, ಬಡ್ತಿ ಯಾವಾಗ ಅಂತ ಕೇಳಲು.
ಬೂಟು ಬಿಚ್ಚದೆ ಕೂತ.
ಮೂರು ಸಲ ಕಲೆಸಿದೆ, ಮೂರು ಸಲ ಎಳೆದ,
ರಾಜ ಬರಲಿಲ್ಲ.
ಯಾಕೆಂದು ನಾನು ಹೇಳಲಿಲ್ಲ.