ಇಪ್ಪತ್ತೆರಡು ಸೆಂಟಿಮೀಟರ್

ಹಿಯುಮಾ ದ್ವೀಪದಿಂದ ಒಳನಾಡಿಗೆ
ಚಳಿ ಗಟ್ಟಿಯಾದ ವರ್ಷ ಕಡಲ ಮೇಲೇ ದಾರಿ.
ಬೈರಿಗೆ ತಿರುಗಿಸಿ ತೂತು ಕೊರೆದು
ಮಂಜುಗಡ್ಡೆಯ ದಪ್ಪ ಅಳೆಯುವವಳು ನಾನು.
ಇಪ್ಪತ್ತೆರಡಿದ್ದರೆ ಗೇಟು ತೆಗೆಸುತ್ತೇನೆ.
ಇಪ್ಪತ್ತೊಂದಕ್ಕೆ, ಪಾದ್ರಿಯೇ ಬರಲಿ, ಇಲ್ಲ.

ಬೆಲ್ಟು ಹಾಕಬೇಡಿ, ನಡುವೆ ನಿಲ್ಲಬೇಡಿ ಅನ್ನುತ್ತೇನೆ.
ಮೆಲ್ಲಗೆ ಹೋಗಿ, ಇಲ್ಲವೇ ಬೇಗ ಹೋಗಿ,
ನಡುವಣ ವೇಗ ಮಾತ್ರ ಬೇಡ:
ಆ ವೇಗಕ್ಕೆ ಗಡ್ಡೆಯಡಿಯಲ್ಲೊಂದು ಅಲೆ ಏಳುತ್ತದೆ,
ಗಾಡಿಯ ಜೊತೆಜೊತೆಗೇ ಬೆಳೆಯುತ್ತ ಬರುತ್ತದೆ.
ಮೇಲೆ ಕೂತವರಿಗೆ ಗೊತ್ತಾಗುವುದಿಲ್ಲ.

ನನಗೆ ಗೊತ್ತು.
ತಿಂಗಳಿಗೆ ಹತ್ತು ದಿನ
ನಾನು ಅದೇ ವೇಗದಲ್ಲಿರುತ್ತೇನೆ.

ಡಿಸೆಂಬರಿನಲ್ಲಿ ಲೇಲೊ
ಒದ್ದೆ ಕೈಗವಸನ್ನು ಒಲೆಯ ಮೇಲಿಟ್ಟು ಮರೆತಳು.
ಉಣ್ಣೆ ಕಮರಿದ ವಾಸನೆ. ಅಷ್ಟೇ.
ಏಳು ವರ್ಷದ ಮಗುವಿಗೆ ನಾನಂದ ಮಾತನ್ನು
ಇಲ್ಲಿ ಬರೆಯಲಾರೆ.
ಬಲೆ ರಿಪೇರಿ ಮಾಡುತ್ತಿದ್ದ ಉರ್ಮಸ್
ಗಂಟು ಹಾಕುವುದನ್ನು ನಿಲ್ಲಿಸಿದ, ತಲೆಯೆತ್ತಲಿಲ್ಲ.

ಆಮೇಲೆ ಸೌನಾದ ಕತ್ತಲಲ್ಲಿ
ಕೋಟು ಹಾಕಿಕೊಂಡೇ ಕೂತೆ.
ಸೌದೆ ಹೊತ್ತಿಸಿರಲಿಲ್ಲ, ಕಲ್ಲು ತಣ್ಣಗಿತ್ತು,
ಬೆವೆತೆ.
ಗೆಣ್ಣು ಊದಿ ಉಂಗುರ ಕಚ್ಚಿ ಹಿಡಿದಿತ್ತು.
ನಾನಿಲ್ಲದಿದ್ದರೆ ಇವರಿಗೆ ಹಗುರ ಅನ್ನಿಸಿತು,
ಅಳುವಿಲ್ಲದೆ, ರೇಡಿಯೋದಲ್ಲಿ
ಹವಾಮಾನ ವರದಿ ಓದಿದ ಹಾಗೆ.

ಮೂರನೆಯ ದಿನ ಮುಟ್ಟಾಯಿತು.
ಸಂಜೆಯೊಳಗೆ ಸಿಳ್ಳೆ ಹಾಕುತ್ತ
ಆಲೂಗಡ್ಡೆ ಸುಲಿಯುತ್ತಿದ್ದೆ.
ಎಲ್ಲಕ್ಕಿಂತ ದೊಡ್ಡ ಅವಮಾನ ಅದು.

ತಾರ್ತುವಿನ ಆಸ್ಪತ್ರೆಗೆ ಒಂದು ಹಡಗು, ಎರಡು ಬಸ್ಸು.
ಡಾಕ್ಟರ್ ಪಿರೆತ್ ನನಗಿಂತ ಚಿಕ್ಕವಳು.
ಮುಟ್ಟಿಗೆ ಮೊದಲೊಂದು ಸೀಸೆ, ಮುಗಿದ ಮೇಲೊಂದು ಸೀಸೆ
ರಕ್ತ ತೆಗೆದಳು, ಎರಡು ತಿಂಗಳು.
ಸಿಟ್ಟು ಎಷ್ಟು, ನಿದ್ದೆ ಎಷ್ಟು,
ದಿನವೂ ಒಂದರಿಂದ ಆರರೊಳಗೆ ಅಂಕ ಬರೆ ಅಂದಳು.
ಅಳತೆ ನನಗೆ ಹೊಸದಲ್ಲ. ಬರೆದೆ.

‘ಆ ವಾರ ನಿಮ್ಮ ರಕ್ತದಲ್ಲಿ
ಉರಿಯೂತದ ಗುರುತೊಂದು ತುಸು ಏರಿದೆ.
ಹಾರ್ಮೋನು ಇಳಿಯುವಾಗ
ಒಳಗೇ ಹೊಗೆಯಾಡುತ್ತಿರಬಹುದು.
ಮಿದುಳಿಗೂ ಆ ಹೊಗೆ ತಾಗುತ್ತಿರಬಹುದು.
ಕೆಲವರಲ್ಲಿ ಕಂಡಿದೆ, ಕೆಲವರಲ್ಲಿ ಇಲ್ಲ.
ಸಂಕಟದಿಂದ ಉರಿಯೋ, ಉರಿಯಿಂದ ಸಂಕಟವೋ,
ಅದೂ ಇನ್ನೂ...’

ನಮ್ಮ ನುಡಿಯಲ್ಲೂ ಆ ಕಾಯಿಲೆಯ ಹೆಸರು
ಹುಟ್ಟಿದ್ದು ಉರಿಯುವುದರಿಂದಲೇ.
ಗಂಟಲಿಗೆ, ಒಸಡಿಗೆ,
ಮೀನಿನ ಮುಳ್ಳು ಚುಚ್ಚಿ ಕೆಂಪಾದ ಹೆಬ್ಬೆರಳಿಗೆ
ಅಮ್ಮ ಅದೇ ಹೆಸರು ಹೇಳಿ ಮುಲಾಮು ಹಚ್ಚುತ್ತಿದ್ದಳು.
ನನ್ನ ಈ ಹತ್ತು ದಿನಕ್ಕೆ
ಅವಳಿಟ್ಟ ಹೆಸರು ಬೇರೆ:
ಕೊಬ್ಬು.

‘ಎಷ್ಟು ದಪ್ಪ, ಡಾಕ್ಟರ್, ನಿಮ್ಮ ಬಹುದು?’
ಕೇಳಿಯೇಬಿಟ್ಟೆ.
ನನ್ನ ಕೆಲಸ ಅವಳಿಗೆ ಗೊತ್ತಿತ್ತು.
ಕಿಟಕಿಯಾಚೆ ಅರೆಗಟ್ಟಿದ ನದಿಯನ್ನು
ಸ್ವಲ್ಪ ಹೊತ್ತು ನೋಡಿದಳು.
‘ಒಬ್ಬಳು ನಿಲ್ಲುವಷ್ಟು.
ಲಾರಿ ದಾಟುವಷ್ಟಲ್ಲ.’

ಅವಳ ಮಾತ್ರೆಯನ್ನು ನಾನು ನಂಬಿದ್ದು
ಆ ಉತ್ತರಕ್ಕಾಗಿ.

ಮನೆಗೆ ಬಂದು ಲೇಲೊಳ ಮುಂದೆ ಕೂತೆ.
ಮಾತಿಗೆ ಕ್ಷಮೆ ಕೇಳಿದೆ,
ಉರಿಗೆ ಕೇಳಲಿಲ್ಲ.
ಅಲೆಯ ಕತೆಯನ್ನೂ ಹೇಳಿದೆ, ಗೊತ್ತಿದ್ದಷ್ಟು.
ಕೈಗವಸಿನ ಸುಟ್ಟ ತೂತಿನಲ್ಲಿ
ಬೆರಳು ತೂರಿಸಿ ಆಡಿಸುತ್ತ
ಕೇಳಿಸಿಕೊಂಡಳೋ ಇಲ್ಲವೋ.

ಮಾತ್ರೆಯಿಂದ ಕೆಲವು ತಿಂಗಳು ಪರವಾಗಿಲ್ಲ,
ಕೆಲವು ತಿಂಗಳು ಇಲ್ಲ.
ಶಾಲೆಯಿಂದ ಬಂದವಳು ಈಗ
ಬಾಗಿಲಲ್ಲೇ ನಿಂತು ಕೂಗುತ್ತಾಳೆ:
‘ಇವತ್ತು ಎಷ್ಟು ಸೆಂಟಿಮೀಟರ್, ಅಮ್ಮಾ?’

ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು
ಒಳಗೆ ಕೊರೆದು ನೋಡುತ್ತೇನೆ.

ಹನ್ನೊಂದು.
ಬೂಟು ಕಳಚು. ನಡೆದು ಬಾ.